ಪದ ಪರಿಚಯ: ಮೈಕ್ರೋಆರ್‌ಎನ್‌ಎ ಏರಿಕೆ

‘ಗೆಡ್ಡೆಯಲ್ಲಿ ಮಿರ್-21 ಏರಿದೆ.’ ಕ್ಯಾನ್ಸರ್ ಸಂಶೋಧನೆ ಬಗ್ಗೆ ಓದುವಾಗ ಇಂಥ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಸಕ್ಕರೆ ಏರಿದೆ, ಬಿಪಿ ಏರಿದೆ ಅಂದರೆ ಎಲ್ಲರಿಗೂ ಗೊತ್ತು. ಇದೇನು ಏರಿದ್ದು? ಮಿರ್ ಅಂದರೆ ಮೈಕ್ರೋಆರ್‌ಎನ್‌ಎ, 21 ಅದರ ಗುರುತಿನ ಸಂಖ್ಯೆ. ಇಲ್ಲೊಂದು ತಿರುವಿದೆ. ಇದು ಏರಿದರೆ ಬೇರೇನೋ ಇಳಿಯುತ್ತದೆ.

ಜೀನ್‌ನಿಂದ ಹೊರಡುವ ಮೆಸೆಂಜರ್ ಆರ್‌ಎನ್‌ಎ ಅಂದರೆ ಅಡುಗೆಮನೆಗೆ ಹೋಗುವ ಚೀಟಿ. ಅದನ್ನು ಓದಿ ಜೀವಕೋಶ ಪ್ರೋಟೀನ್ ತಯಾರಿಸುತ್ತದೆ. ಮೈಕ್ರೋಆರ್‌ಎನ್‌ಎ ಸುಮಾರು 22 ಅಕ್ಷರಗಳ ಚಿಕ್ಕ ತುಣುಕು. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ತನಗೆ ಹೊಂದುವ ಚೀಟಿಗೆ ಅಂಟಿಕೊಂಡು, ಅದನ್ನು ಓದದಂತೆ ತಡೆಯುತ್ತದೆ, ಇಲ್ಲವೇ ಚೀಟಿಯೇ ಹಾಳಾಗುವಂತೆ ಮಾಡುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಇದನ್ನು ತೋರಿಸಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಹುಳುವಿನ ಸಮಾಚಾರ ಅಂತ ಹೆಚ್ಚಿನವರು ಸುಮ್ಮನಾದರು. ನೊಬೆಲ್ ಬಂದದ್ದು 2024ರಲ್ಲಿ.

ಈಗ ಮಿರ್-21ಕ್ಕೆ ಬರೋಣ. ಸ್ತನ, ಶ್ವಾಸಕೋಶ, ದೊಡ್ಡ ಕರುಳು, ಹೀಗೆ ಹಲವು ಕ್ಯಾನ್ಸರ್‌ಗಳಲ್ಲಿ ಇದು ಜಾಸ್ತಿ ಇರುತ್ತದೆ. ಇದು ತಡೆಯುವ ಚೀಟಿಗಳಲ್ಲಿ ಪಿಟೆನ್ ಎಂಬ ಪ್ರೋಟೀನಿನದ್ದೂ ಒಂದು. ಜೀವಕೋಶ ಬೇಕಾಬಿಟ್ಟಿ ಬೆಳೆಯದಂತೆ ಬ್ರೇಕ್ ಹಾಕುವುದು ಪಿಟೆನ್ ಕೆಲಸ. ಮಿರ್-21 ಏರಿತು, ಪಿಟೆನ್ ಇಳಿಯಿತು, ಬ್ರೇಕ್ ಸಡಿಲವಾಯಿತು.

ಕಾಯಿಲೆ ಬಂದಮೇಲೆ ಇದು ಏರಿರಬಹುದು, ಅಲ್ವಾ? ಸರಿಯಾದ ಅನುಮಾನವೇ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನೇ ಪರೀಕ್ಷಿಸಿತು. ಮಿರ್-21 ಅತಿಯಾಗಿ ತಯಾರಾಗುವಂತೆ ಇಲಿಗಳ ಜೀನ್ ಬದಲಿಸಿದರು. ಅವಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್ ಬಂತು. ಆಮೇಲೆ ಡಾಕ್ಸಿಸೈಕ್ಲಿನ್ ಕೊಟ್ಟರು. ಹೌದು, ನಮಗೆ ಗೊತ್ತಿರುವ ಆಂಟಿಬಯಾಟಿಕ್ಕೇ. ಆದರೆ ಈ ಇಲಿಗಳಲ್ಲಿ ಅದು ಮಿರ್-21 ಆಫ್ ಮಾಡುವ ಸ್ವಿಚ್. ಕೆಲವೇ ದಿನಗಳಲ್ಲಿ ಗೆಡ್ಡೆ ಕರಗಿತು. ಇಲಿಗೆ ಆದದ್ದು ಮನುಷ್ಯರಿಗೂ ಹಾಗೇ ಆಗುತ್ತದೆ ಅಂತಲ್ಲ. ಆದರೂ ಈ ಏರಿಕೆಯೇ ರೋಗ ತರಬಲ್ಲದು ಅನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಎಲ್ಲ ಏರಿಕೆಯೂ ಹೀಗಲ್ಲ. ಮಿರ್-122 ಮುಖ್ಯವಾಗಿ ಲಿವರ್‌ನದ್ದು. ಪ್ಯಾರಾಸಿಟಮಾಲ್ ಮಿತಿಮೀರಿ ಲಿವರ್ ಕೆಟ್ಟಾಗ ಅದು ರಕ್ತದಲ್ಲಿ ಏರುತ್ತದೆ. ಒಡೆದ ಜೀವಕೋಶಗಳಿಂದ ಸೋರಿ ಬಂದದ್ದು ಅಷ್ಟೇ. ಹೊಗೆ ನೋಡಿ ಬೆಂಕಿ ಎಲ್ಲಿದೆ ಅಂತ ಹುಡುಕಬಹುದು, ಹೊಗೆಯಿಂದಲೇ ಬೆಂಕಿ ಹೊತ್ತಿತು ಅನ್ನಲಾಗದು.

ಇನ್ನು ಕೆಲವು ಸಲ ರೋಗವೇ ಇರುವುದಿಲ್ಲ. ಕೆಂಪು ರಕ್ತಕಣದ ತುಂಬ ಮಿರ್-451, ಮಿರ್-16 ಇರುತ್ತವೆ. ರಕ್ತ ತೆಗೆದ ಟ್ಯೂಬನ್ನು ಜೋರಾಗಿ ಅಲುಗಾಡಿಸಿದರೂ ಕಣ ಒಡೆದು ಇವು ಹೊರಬರುತ್ತವೆ. ಹಾಗಾಗಿ ಲ್ಯಾಬ್‌ನಲ್ಲಿ ಮೊದಲು ನೋಡಬೇಕಾದದ್ದು ಪ್ಲಾಸ್ಮಾದ, ಅಂದರೆ ರಕ್ತಕಣ ಬಿಟ್ಟು ಉಳಿಯುವ ದ್ರವದ ಬಣ್ಣ. ತಿಳಿಹಳದಿ ಇರಬೇಕಾದದ್ದು ಗುಲಾಬಿಗೆ ತಿರುಗಿದ್ದರೆ, ಆ ‘ಏರಿಕೆ’ ಟ್ಯೂಬಿನೊಳಗೇ ಹುಟ್ಟಿರಬಹುದು.