ಧರ್ಮಾಸ್ಪತ್ರೆ: ಚೀಟಿ ಪುಕ್ಕಟೆಯಾದರೆ ಸಾಕೇ?

ಸಮಾಜಕಾರ್ಯ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಪಠ್ಯದಲ್ಲಿ ಈ ವಿಷಯಕ್ಕೆ ಉದ್ದನೆಯ ಹೆಸರಿದೆ, 'ಧಾರ್ಮಿಕ ಸಂಸ್ಥೆಗಳು ಲಾಭದ ಆಸೆಯಿಲ್ಲದೆ ನಡೆಸುವ ವೈದ್ಯಸೇವೆ' ಅಂತ. ನಮ್ಮಜ್ಜಿಗೆ ಒಂದೇ ಪದ ಸಾಕಾಗುತ್ತಿತ್ತು, ಧರ್ಮಾಸ್ಪತ್ರೆ. ನಾನೂ ಅದನ್ನೇ ಬಳಸುತ್ತೇನೆ.

ಇದು ನಮ್ಮ ಕಡೆ ಹೊಸದಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ 'ಆಹಾರ, ಅಭಯ, ಭೈಷಜ್ಯ, ಶಾಸ್ತ್ರ' ಎಂಬ ನಾಲ್ಕು ದಾನಗಳ ಮಾತು ಬರುತ್ತದೆ. ಭೈಷಜ್ಯ ಅಂದರೆ ಔಷಧ. ಹಸಿದವನಿಗೆ ಅನ್ನ ಕೊಟ್ಟಷ್ಟೇ ಪುಣ್ಯ ರೋಗಿಗೆ ಮದ್ದು ಕೊಟ್ಟರೂ ಬರುತ್ತದೆ ಎಂಬ ನಂಬಿಕೆ ಈ ಮಣ್ಣಿನಲ್ಲಿ ಅಷ್ಟು ಹಳೆಯದು. ಧರ್ಮಸ್ಥಳದವರು 1992ರಲ್ಲಿ ಹಾಸನದ ತಣ್ಣೀರುಹಳ್ಳದಲ್ಲಿ ಆಯುರ್ವೇದ ಕಾಲೇಜು, ಆಸ್ಪತ್ರೆ ಶುರು ಮಾಡಿದ್ದನ್ನು ಈ ಸಾಲಿನಲ್ಲೇ ಇಟ್ಟು ನೋಡಬಹುದು. ಹಾಸನದ ಸಿ.ಎಸ್.ಐ. ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯ ಬೇರು ಕ್ರೈಸ್ತ ಮಿಷನ್‌ನದು. ಚಿಕ್ಕಮಗಳೂರಿನ ಹೋಲಿ ಕ್ರಾಸ್ ಆಸ್ಪತ್ರೆಯ ಹಿಂದೆ ಕ್ರೈಸ್ತ ಸಿಸ್ಟರ್‌ಗಳ ಸೇವೆಯಿದೆ. ನಂಬಿಕೆಗಳು ಬೇರೆ ಬೇರೆ, ಆದರೆ ಕೆಲಸ ಒಂದೇ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಕೊಳ್ಳೋಣ. ಲಾಭರಹಿತ ಅಂದರೆ ಪುಕ್ಕಟೆ ಅಂತಲ್ಲ. ಆಸ್ಪತ್ರೆ ಶುಲ್ಕ ತೆಗೆದುಕೊಳ್ಳಬಹುದು, ವರ್ಷದ ಕೊನೆಗೆ ಹಣ ಉಳಿಯಲೂಬಹುದು. ಆ ಉಳಿಕೆಯನ್ನು ಯಾರೂ ಪಾಲು ಮಾಡಿಕೊಳ್ಳುವಂತಿಲ್ಲ, ಅದು ಸಂಸ್ಥೆಯ ಕೆಲಸಕ್ಕೇ ಹೋಗಬೇಕು. ಟ್ರಸ್ಟ್ ಆಗಿರಲಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಸೊಸೈಟಿಯಾಗಿರಲಿ, ಈ ನಿಯಮ ಒಂದೇ. ದೇವರ ಹೆಸರಿದೆ ಅಂತ ಆಸ್ಪತ್ರೆಗೆ ವಿನಾಯಿತಿಯೂ ಇಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು.

ಹಾಗಾದರೆ ದುಡ್ಡು ಎಲ್ಲಿಂದ? ಒಂದೊಂದು ಸಂಸ್ಥೆ ಒಂದೊಂದು ದಾರಿ ಹಿಡಿದಿದೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಶುರುವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ರೋಗಿಯಿಂದ ಚಿಕಿತ್ಸೆಗೆ ಹಣ ಪಡೆಯುವುದಿಲ್ಲ. ದಾನಿಗಳೇ ಆಧಾರ. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಚರ್ಚುಗಳ ಶಿಫಾರಸಿನಿಂದ ಸೀಟು ಪಡೆದವರು ಓದು ಮುಗಿದ ಮೇಲೆ ಮಿಷನ್ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕೆಂಬ ಕರಾರಿದೆ. ಅಲ್ಲಿ ದುಡ್ಡಿಗಿಂತ ದುಡಿಮೆಯೇ ದಾನ.

ನನಗೆ ಜಾಸ್ತಿ ಇಷ್ಟವಾದದ್ದು ಮಧುರೈನ ಅರವಿಂದ ಕಣ್ಣಾಸ್ಪತ್ರೆಯ ದಾರಿ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ, ನಿವೃತ್ತಿಯಾದ ಮೇಲೆ, ಕೇವಲ 11 ಹಾಸಿಗೆಯಿಂದ ಅದನ್ನು ಕಟ್ಟಿದರು. ಅವರು ಶ್ರೀ ಅರವಿಂದರ ಭಕ್ತರು, ಹೆಸರೂ ಅಲ್ಲಿಂದಲೇ ಬಂತು. ಕೈಲಾಗುವವರು ಕೊಟ್ಟ ಶುಲ್ಕದಿಂದ ಕೈಲಾಗದವರ ಆಪರೇಷನ್ ನಡೆಯುತ್ತದೆ. ದುಡ್ಡು ಕೊಡುವ ಕಡೆಗೋ ಉಚಿತದ ಕಡೆಗೋ ಎಂದು ರೋಗಿಯೇ ಆರಿಸಿಕೊಳ್ಳುತ್ತಾನೆ. ಬಡವ ಅನ್ನುವುದಕ್ಕೆ ಕಾಗದ ತೋರಿಸು ಎಂದು ಕೇಳುವುದಿಲ್ಲ. ಕೌಂಟರ್ ಮುಂದೆ ನಾಲ್ಕು ಜನರ ಎದುರು ತನ್ನ ಬಡತನ ಹೇಳಿಕೊಳ್ಳುವ ಕಷ್ಟ ಏನೆಂದು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಈಗ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಬರೋಣ. ಇಲ್ಲೇ ನನ್ನ ಮುಖ್ಯ ಮಾತು ಇರುವುದು.

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇರುವ ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಬಿಪಿ ಇದೆ. ಪೇಟೆಯ ಆಸ್ಪತ್ರೆಯಲ್ಲಿ ಚೀಟಿ ಪುಕ್ಕಟೆ, ಮಾತ್ರೆಯೂ ಪುಕ್ಕಟೆ. ಆದರೂ ಅವಳಿಗೆ ಖರ್ಚಿದೆ. ಆ ದಿನದ ಕೂಲಿ ಹೋಯಿತು. ಬಸ್ಸಿಗೆ ಹೋಗಿ ಬರುವ ದುಡ್ಡು. ಜೊತೆಗೆ ಮಗಳು ಬಂದರೆ ಅವಳ ಕೂಲಿಯೂ ಹೋಯಿತು. ಹಣ್ಣು ಕೊಯ್ಯುವ ಕಾಲದಲ್ಲಂತೂ, ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ, ಕೆಜಿ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಒಂದು ದಿನ ತಪ್ಪಿಸಿದರೆ ನಷ್ಟ ಇನ್ನೂ ಜಾಸ್ತಿ. ಬಿಪಿಗೆ ನೋವಿಲ್ಲ. ನೋವಿಲ್ಲದ ಕಾಯಿಲೆಗೆ ಕೂಲಿ ಯಾರು ಬಿಡುತ್ತಾರೆ? ಮೊದಲು ನಿಲ್ಲುವುದು ಆ ಮಾತ್ರೆಯೇ.

ನಮ್ಮಜ್ಜಿಯ ವಿಷಯದಲ್ಲಿ ಆಗಿದ್ದೂ ಇದೇ. ಅವರು ಹೋಗುತ್ತಿದ್ದ ಕಡೆ ಹದಿನೈದು ದಿನಕ್ಕಷ್ಟೇ ಮಾತ್ರೆ ಕೊಡುತ್ತಿದ್ದರು. ಎರಡು ಸಲ ಹೋದರು, ಮೂರನೆಯ ಸಲ ಹೋಗಲಿಲ್ಲ. ಲಕ್ವ ಹೊಡೆಯಿತು. ಒಂದು ಕೈ ಕೊನೆಯವರೆಗೂ ಸರಿಯಾಗಲಿಲ್ಲ. 'ಔಷಧಿ ಪುಕ್ಕಟೆ ಇತ್ತಲ್ಲ, ಯಾಕೆ ತಗೊಳ್ಳಲಿಲ್ಲ' ಎಂದು ಬಂದವರೆಲ್ಲ ಅವರನ್ನೇ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸರ್ಕಾರದ ಯೋಜನೆಗಳು ಇಲ್ವಾ ಅಂತ ನೀವು ಕೇಳಬಹುದು. ಇವೆ, ತುಂಬಾ ಉಪಕಾರವಾಗಿವೆ. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಬಂದ ಯಶಸ್ವಿನಿ, ನಡುವೆ ನಿಂತು, ಈಗ ಮತ್ತೆ ನಡೆಯುತ್ತಿದೆ. ಆದರೆ ಇವು ಮುಖ್ಯವಾಗಿ ಅಡ್ಮಿಟ್ ಆದವರಿಗೆ, ಆಪರೇಷನ್ ಆಗುವವರಿಗೆ. ತಿಂಗಳು ತಿಂಗಳು ಬಿಪಿ ನೋಡಿ ಮಾತ್ರೆ ಕೊಡುವ ಸಣ್ಣ ಕೆಲಸ ಇವುಗಳ ಲೆಕ್ಕದಲ್ಲಿ ಬರುವುದಿಲ್ಲ. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಬಳಿ ಇಲ್ಲಿನ ರೇಷನ್ ಕಾರ್ಡೂ ಇರುವುದಿಲ್ಲ, ಭಾಷೆಯೂ ಬರುವುದಿಲ್ಲ. ಈ ಸಂದಿನಲ್ಲಿಯೇ ಧರ್ಮಾಸ್ಪತ್ರೆಗೆ ಜಾಗವಿದೆ.

ಆ ಜಾಗದಲ್ಲಿ ನಂಬಿಕೆ ಏನು ಮಾಡುತ್ತದೆ? ಜನರನ್ನು ಅಲ್ಲೇ ಉಳಿಸುತ್ತದೆ ಎಂದು ನನಗನ್ನಿಸುತ್ತದೆ. ಕಟ್ಟಡ ಯಾರು ಬೇಕಾದರೂ ಕಟ್ಟಬಹುದು. ಕೊಪ್ಪ, ಶೃಂಗೇರಿಯ ಜಡಿಮಳೆಯಲ್ಲಿ, ಕರೆಂಟ್ ಇಲ್ಲದ ರಾತ್ರಿಗಳಲ್ಲಿ, ಹತ್ತಿಪ್ಪತ್ತು ವರ್ಷ ಒಂದೇ ಕಡೆ ಇರುವ ನರ್ಸ್ ಸಿಗುವುದು ಕಷ್ಟ. ಇದು ದೇವರ ಕೆಲಸ ಎಂದುಕೊಂಡವರು ಇರುತ್ತಾರೆ. ಅದೇ ನರ್ಸ್ ಪ್ರತಿ ತಿಂಗಳು ಕಂಡರೆ ರೋಗಿ ಮಾತಾಡುತ್ತಾನೆ. 'ಎರಡು ದಿನದಿಂದ ಜ್ವರ, ಕಾಡಲ್ಲಿ ಮಂಗ ಸತ್ತು ಬಿದ್ದಿತ್ತು' ಎನ್ನುವ ಮಾತು ಹೊಸಬರ ಹತ್ತಿರ ಬರುವುದಿಲ್ಲ. ಮಂಗನ ಕಾಯಿಲೆ ಕಾಡಿನ ಉಣ್ಣೆಯಿಂದ ಹರಡುವ ಜ್ವರ, ಮಂಗ ಸಾಯುವುದು ಅದರ ಸುಳಿವು. ಅದರ ಸೀಮೆಯಲ್ಲಿ ಆ ಒಂದು ಮಾತು ಜೀವ ಉಳಿಸಬಲ್ಲದು.

ನಂಬಿಕೆಗೆ ಒಂದು ಗಡಿಯೂ ಬೇಕು. ಆಸ್ಪತ್ರೆಯಲ್ಲಿ ಪ್ರಾರ್ಥನೆ ನಡೆದರೆ ತಪ್ಪೇನಿಲ್ಲ. ಆದರೆ ಪ್ರಾರ್ಥನೆಗೆ ಕೂತರೇನೇ ಮಾತ್ರೆ ಅನ್ನುವಂತಾದರೆ ಅದು ಸೇವೆಯಲ್ಲ, ವ್ಯಾಪಾರ. ಕ್ಯಾಥೊಲಿಕ್ ಆಸ್ಪತ್ರೆಗಳು ತಮ್ಮ ಧರ್ಮದ ನಿಲುವಿನಿಂದ ಸಂತಾನಹರಣ ಚಿಕಿತ್ಸೆ ಮಾಡುವುದಿಲ್ಲ. ಮಾಡದಿರುವುದು ಅವರ ನಿಲುವು, ಸರಿ. ಆದರೆ ಅದನ್ನು ಮೊದಲೇ ಬಿಚ್ಚಿ ಹೇಳಿ, ಸರ್ಕಾರಿ ಆಸ್ಪತ್ರೆಗೆ ದಾರಿ ತೋರಿಸಬೇಕು. ಹೆರಿಗೆಗೆ ಬಂದವಳಿಗೆ ಕೊನೇ ಗಳಿಗೆಯಲ್ಲಿ ತಿಳಿಯಬಾರದು.

ಫೀಲ್ಡ್‌ವರ್ಕ್‌ಗೆ ಹೋದಾಗ ಎಷ್ಟು ಕ್ಯಾಂಪ್ ಮಾಡಿದ್ದೀರಿ, ಎಷ್ಟು ಜನ ಬಂದರು ಎಂದು ಕೇಳಿ ಸುಮ್ನೆ ಬರೆದುಕೊಂಡು ಬರಬೇಡಿ. ಕ್ಯಾಂಪಿನಲ್ಲಿ ಬಿಪಿ ಸಿಕ್ಕವರಲ್ಲಿ ಎಷ್ಟು ಜನ ಮುಂದಿನ ತಿಂಗಳು ಮತ್ತೆ ಬಂದರು ಎಂದು ಕೇಳಿ. ಬಾರದವರ ಮನೆಗೆ ಯಾರಾದರೂ ಹೋದರಾ ಎಂದು ಕೇಳಿ. ಒಮ್ಮೆಗೆ ಎಷ್ಟು ದಿನದ ಮಾತ್ರೆ ಕೊಡುತ್ತಾರೆ, ಮತ್ತೆ ತೋಟದ ಕೆಲಸ ಬಿಟ್ಟ ಮೇಲೆ, ಸಂಜೆ ಹೊತ್ತಿನಲ್ಲಿ, ಬಾಗಿಲು ತೆರೆದಿರುತ್ತದಾ ಎಂದು ಕೇಳಿ.