‘ನಮ್ಮ ಮನೆಯವಳೇ’ ಎನ್ನುವ ಮಾತಿನ ಹಿಂದೆ

ಚಿಕ್ಕಮಗಳೂರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಮಕಾಲೀನ ಕಾದಂಬರಿಯನ್ನು ಪಾಠ ಮಾಡುವಾಗ ನಾನು ಕೈಲಿ ರೀಡ್ ಅವರ ‘ಸಚ್ ಎ ಫನ್ ಏಜ್’ (2019) ಕೃತಿಯನ್ನು ಆರಿಸಿಕೊಳ್ಳುವುದಕ್ಕೆ ಕಾರಣ, ಅದರ ಯಜಮಾನಿ ಕ್ರೂರಿಯಲ್ಲದಿರುವುದು. ಫಿಲಡೆಲ್ಫಿಯಾದ ಅಂಗಡಿಯೊಂದರಲ್ಲಿ ರಾತ್ರಿ ಹೊತ್ತು, ತಾನು ಸಂಬಳಕ್ಕೆ ನೋಡಿಕೊಳ್ಳುವ ಬಿಳಿಯರ ಮಗುವಿನೊಂದಿಗಿದ್ದ ಕಪ್ಪು ಯುವತಿ ಎಮಿರಾಳನ್ನು, ಮಗುವನ್ನು ಕದ್ದು ತಂದಿರಬಹುದೆಂಬ ಅನುಮಾನದಿಂದ ಕಾವಲುಗಾರ ತಡೆಯುತ್ತಾನೆ. ಇಲ್ಲಿನ ವರ್ಣಭೇದವನ್ನು ಗುರುತಿಸಲು ವಿದ್ಯಾರ್ಥಿಗಳಿಗೆ ಐದು ನಿಮಿಷ ಸಾಕು. ಕಷ್ಟವಾಗುವುದು ಆಮೇಲಿನದು: ಘಟನೆಯಿಂದ ಕಸಿವಿಸಿಗೊಂಡ ಮಗುವಿನ ತಾಯಿ, ಯಜಮಾನಿ ಅಲೀಕ್ಸ್, ಎಮಿರಾಳ ಗೆಳತಿಯಾಗಲೇಬೇಕೆಂದು ಹೊರಟು, ಅವಳನ್ನು ಹಬ್ಬದೂಟಕ್ಕೆ ಕರೆಯುತ್ತಾಳೆ, ಅವಳ ಮೊಬೈಲಿನ ಪರದೆಯನ್ನೂ ಕದ್ದು ಓದುತ್ತಾಳೆ.

ಅಧ್ಯಾಯಗಳು ಒಮ್ಮೆ ಎಮಿರಾಳ ಕಡೆಯಿಂದ, ಒಮ್ಮೆ ಅಲೀಕ್ಸಳ ಕಡೆಯಿಂದ ಸಾಗುತ್ತವೆ. ಒಬ್ಬಳ ಅಧ್ಯಾಯದಲ್ಲಿ ಇನ್ನೊಬ್ಬಳ ನೆನಪು ಬಂದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಲು ನಾನು ಹೇಳುತ್ತೇನೆ. ಅಲೀಕ್ಸಳ ಪುಟಗಳು ಗುರುತುಗಳಿಂದ ತುಂಬಿಹೋಗುತ್ತವೆ. ಎಮಿರಾಳ ಪುಟಗಳಲ್ಲಿ ಮಗು, ಗೆಳತಿಯರು ಮತ್ತು ಮುಂದಿನ ಬದುಕಿನ ಚಿಂತೆಯೇ ಹೆಚ್ಚು. ಇನ್ನೊಂದು ಸಣ್ಣ ಸಂಗತಿಯಿದೆ: ಎಮಿರಾಳ ಅಧ್ಯಾಯಗಳಲ್ಲಿ ಯಜಮಾನಿ ‘ಮಿಸೆಸ್ ಚೇಂಬರ್ಲಿನ್’ ಆಗಿಯೇ ಉಳಿಯುತ್ತಾಳೆ. ಇದನ್ನು ತೋರಿಸಿದ ದಿನ, ಆಲ್ದೂರು ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು, ‘ಮನೇಲಿ ನಾವಷ್ಟೇ ಇದ್ದಾಗಲೂ ನಮ್ಮಮ್ಮ ಬಂಗಲೆ ಅಮ್ಮೋರ ಹೆಸರು ಹೇಳಲ್ಲ ಮೇಡಂ’ ಎಂದಳು.

ಕಥೆಯ ಕೀಲು ನನ್ನ ದೃಷ್ಟಿಯಲ್ಲಿ ಅಂಗಡಿಯ ಜಗಳದಲ್ಲಿಲ್ಲ, ಎಮಿರಾಳ ವಯಸ್ಸಿನಲ್ಲಿದೆ. ಅಮೆರಿಕದ ಕಾನೂನಿನಂತೆ ತಂದೆತಾಯಿಯ ಆರೋಗ್ಯ ವಿಮೆಯ ಆಸರೆ 26 ವರ್ಷ ತುಂಬುವವರೆಗೆ ಮಾತ್ರ, ಅವಳಿಗೀಗ 25. ಅವಳಿಗೆ ಬೇಕಿರುವುದು ವಿಮೆಯಿರುವ ಕೆಲಸ, ಸಿಗುತ್ತಿರುವುದು ಸ್ನೇಹ. ನಮ್ಮಲ್ಲಿ ಗೌರಿ ಹಬ್ಬಕ್ಕೆ ಸೀರೆ ಕೊಟ್ಟು ‘ಇವಳು ನಮ್ಮ ಮನೆಯವಳೇ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ, ಆದರೆ ಆ ಮಾತನ್ನು ಒಪ್ಪಿಕೊಂಡವಳಿಗೆ ವಾರದ ರಜೆಯನ್ನೋ ಸಂಬಳದ ಏರಿಕೆಯನ್ನೋ ಬಾಯಿಬಿಟ್ಟು ಕೇಳುವುದು ದುಸ್ತರವಾಗುತ್ತದೆ. ಕರ್ನಾಟಕವು ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ನಿಗದಿಪಡಿಸಿದ್ದು 2004ರಲ್ಲಿ. ಅದನ್ನು ನಾನು ತರಗತಿಯಲ್ಲಿ ಹೇಳಿದಾಗ ಅಚ್ಚರಿಪಡದ ಮುಖ ಒಂದೂ ಇರಲಿಲ್ಲ.

ಇಷ್ಟಾದರೂ ಜನಾಂಗವನ್ನು ಜಾತಿಗೆ ಸಮೀಕರಿಸುವ ಆತುರವನ್ನು ನಾನು ತಡೆಯುತ್ತೇನೆ. ‘ವರ್ಣ’ ಎಂಬ ನಮ್ಮ ಪದವೇ ಎರಡನ್ನೂ ಸೂಚಿಸುವುದರಿಂದ ವಿದ್ಯಾರ್ಥಿಗಳು ಸುಲಭವಾಗಿ ಜಾರುತ್ತಾರೆ. ಎಮಿರಾಳ ಹಿಂದೆ ಅಮೆರಿಕದ ಗುಲಾಮಗಿರಿಯ ಚರಿತ್ರೆಯಿದೆ. ಬಂಗಲೆಯ ಹಿತ್ತಿಲ ಬಾಗಿಲಲ್ಲಿಟ್ಟ ಪ್ರತ್ಯೇಕ ಲೋಟದ ಹಿಂದಿರುವುದು ಮೈಲಿಗೆಯ ಕಲ್ಪನೆ. ಲೈಲಾ ಸ್ಲಿಮಾನಿಯವರ ಫ್ರೆಂಚ್ ಕಾದಂಬರಿ ‘ಶಾಂಸೋಂ ದೂಸ್’ (2016) ಇದಕ್ಕೆ ಒಳ್ಳೆಯ ಜೋಡಿ: ಅಲ್ಲಿ ಉತ್ತರ ಆಫ್ರಿಕಾ ಮೂಲದ ವಕೀಲೆಯೇ ಯಜಮಾನಿ, ಮಕ್ಕಳನ್ನು ನೋಡಿಕೊಳ್ಳುವವಳು ಬಿಳಿಯ ಫ್ರೆಂಚ್ ಹೆಂಗಸು. ಬಣ್ಣ ಅದಲುಬದಲಾದರೂ ಯಾರ ಮನೆಯಲ್ಲಿ ಯಾರು ದುಡಿಯುತ್ತಾರೆಂಬುದು ಉಳಿಸುವ ಅಂತರ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎಮಿರಾಳಿಗೆ ಆ ಮಗು ಬ್ರಯರ್ ಮೇಲಿರುವ ಪ್ರೀತಿ ನಿಜವಾದದ್ದು, ಕೆಲಸ ಬಿಡಲು ಅವಳಿಗೆ ಕಷ್ಟವಾಗುವುದೂ ಅದರಿಂದಲೇ. ಆ ಪ್ರೀತಿಯ ಬಗ್ಗೆ ಟಿಪ್ಪಣಿ ಬರೆಯಲು ಹೇಳಿದ್ದೆ. ಬೆಳೆಗಾರರ ಮನೆಯ ಹುಡುಗನೊಬ್ಬ, ಪ್ರಶ್ನೆ ಕೇಳದಿದ್ದರೂ, ತನ್ನನ್ನು ಎತ್ತಿ ಆಡಿಸಿದ ಆಯಾಳ ಊರು ಯಾವುದೆಂದು ತನಗೆ ತಿಳಿಯದೆಂದು ಕೊನೆಯ ಸಾಲಿನಲ್ಲಿ ಬರೆದಿದ್ದ.