ಒಬ್ಬನೇ ಕೂ ಖುಲ್ಲಿನ್, ಎರಡು ಕಡೆಯ ಗೋಡೆಗಳು

ಬ್ರಿಟನ್ನಿನ ಜೊತೆಗೇ ಉಳಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ನ್ಯೂಟೌನಾರ್ಡ್ಸ್ ರಸ್ತೆಯಲ್ಲಿ ಬ್ರಿಟನ್ ನಿಷ್ಠರು 1990ರ ದಶಕದಲ್ಲಿ ಬರೆಸಿದ ಗೋಡೆಚಿತ್ರದಲ್ಲಿ ಐರಿಷ್ ಪುರಾಣಕಥೆಗಳ ಕೂ ಖುಲ್ಲಿನ್ ಐರಿಷರ ದಾಳಿಯಿಂದ ಅಲ್‌ಸ್ಟರನ್ನು, ಅಂದರೆ ಐರ್ಲೆಂಡಿನ ಉತ್ತರ ಪ್ರಾಂತ್ಯವನ್ನು, ಕಾದ ವೀರ. ಡಬ್ಲಿನ್‌ನ ಪ್ರಧಾನ ಅಂಚೆ ಕಚೇರಿಯಲ್ಲಿ ಅವನೇ ಬ್ರಿಟಿಷರ ವಿರುದ್ಧ 1916ರಲ್ಲಿ ನಡೆದ ಈಸ್ಟರ್ ದಂಗೆಯ ಸ್ಮಾರಕ. ಭಂಗಿ ಮಾತ್ರ ಒಂದೇ: ನಿಲುಗಲ್ಲಿಗೆ ತನ್ನನ್ನೇ ಕಟ್ಟಿಕೊಂಡು ಸತ್ತ ದೇಹ, ಹೆಗಲ ಮೇಲೆ ಕಾಗೆ.

ಈ ಸಾವು ಅವನ ಮುಖ್ಯ ಕಥೆ ‘ಟಾಯ್ನ್ ಬೋ ಕೂಯಲ್ನ್ಯ’ದಲ್ಲಿ ಇಲ್ಲವೇ ಇಲ್ಲ, ಅದು ಬೇರೊಂದು ಕಥೆಯದು. ಟಾಯ್ನ್ ಒಂದು ತುರುಗೋಳು. ಗಂಡನ ಬಿಳಿಗೊಂಬಿನ ಹೋರಿಗೆ ಸರಿಗಟ್ಟಲು ಅಲ್‌ಸ್ಟರ್‌ನ ಕಂದು ಹೋರಿ ಬೇಕೆಂದು ಪಶ್ಚಿಮದ ಕನಾಟ್ ಪ್ರಾಂತ್ಯದ ರಾಣಿ ಮೇವ್ ದಂಡೆತ್ತಿ ಬರುತ್ತಾಳೆ. ಮಾಹಾ ಎಂಬ ದೇವತೆಯ ಶಾಪದಿಂದ ಅಲ್‌ಸ್ಟರ್‌ನ ಗಂಡಸರು ಹೆರಿಗೆನೋವಿನಲ್ಲಿ ಮಲಗಿರುವಾಗ, ಶಾಪ ತಟ್ಟದ 17ರ ಹುಡುಗ ಕೂ ಖುಲ್ಲಿನ್ ಹೊಳೆ ಹಾಯುವ ಜಾಗಗಳಲ್ಲಿ ಒಬ್ಬೊಬ್ಬರನ್ನೇ ಎದುರಿಸಿ ದಂಡನ್ನು ತಡೆಯುತ್ತಾನೆ.

ಕೊನೆಗೆ ಎದುರು ಬರುವವನು ಫೆರ್ ಡೀಯಾ. ಸ್ಕಾಹಾಹ್ ಎಂಬ ವೀರನಾರಿಯ ಬಳಿ ಜೊತೆಗೇ ಶಸ್ತ್ರವಿದ್ಯೆ ಕಲಿತ ಜೀವದ ಗೆಳೆಯ. 12ನೇ ಶತಮಾನದ ‘ಲೀನ್‌ಸ್ಟರ್ ಪುಸ್ತಕ’ ಎಂಬ ಹಸ್ತಪ್ರತಿಯಲ್ಲಿ ಈ ಕಾಳಗ ನಾಲ್ಕು ದಿನ ನಡೆಯುತ್ತದೆ. ಮೊದಲೆರಡು ಸಂಜೆ ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಕೂ ಖುಲ್ಲಿನ್ ತನ್ನ ಗಾಯದ ಸೊಪ್ಪಿನಲ್ಲಿ ಸಮಪಾಲು ಆಚೆ ದಡಕ್ಕೆ ಕಳಿಸಿದರೆ, ಫೆರ್ ಡೀಯಾ ಊಟದಲ್ಲಿ ಸಮಪಾಲು ಈಚೆಗೆ ಕಳಿಸುತ್ತಾನೆ. ಇಬ್ಬರ ಕುದುರೆಗಳಿಗೂ ಒಂದೇ ದೊಡ್ಡಿ. ಮೂರನೇ ಸಂಜೆ ಅಪ್ಪುಗೆ ಇಲ್ಲ. ನಾಲ್ಕನೇ ದಿನ ಕೂ ಖುಲ್ಲಿನ್ ಗಾಯ್ ಬುಲ್ಗವನ್ನು ಕಾಲ್ಬೆರಳಲ್ಲಿ ಹಿಡಿದು ಎಸೆಯುತ್ತಾನೆ. ಹೊಕ್ಕ ಮೇಲೆ ದೇಹದೊಳಗೆ ಮುಳ್ಳುಗಳಾಗಿ ಬಿಚ್ಚಿಕೊಳ್ಳುವ ಈಟಿ ಅದು. ಅದರ ವಿದ್ಯೆ ಗೆಳೆಯನಿಗೆ ಗೊತ್ತಿರಲಿಲ್ಲ. ಕೊಂದವನೇ ಹೆಣವನ್ನು ಹೊತ್ತು ಹೊಳೆ ದಾಟಿಸಿ ಗೋಳಾಡುತ್ತಾನೆ. ಇಡೀ ಕಥೆಯ ತಿರುಳು ಇಲ್ಲಿದೆ, ಆದರೆ ಗೋಡೆಯ ಮೇಲೆ ಬರೆಸಲು ಆರಿಸಿಕೊಂಡದ್ದು ಇದನ್ನಲ್ಲ.

ಶತಮಾನಗಳ ಕಾಲ ಹಸ್ತಪ್ರತಿಗಳಲ್ಲಿದ್ದ ವೀರನನ್ನು 19ನೇ ಶತಮಾನದ ಕೊನೆಯ ಐರಿಷ್ ಸಾಹಿತ್ಯ ಪುನರುಜ್ಜೀವನ ಮನೆಮನೆಗೆ ತಂದಿತು. 1902ರಲ್ಲಿ ಬಂದ ಲೇಡಿ ಗ್ರೆಗರಿಯವರ ಇಂಗ್ಲಿಷ್ ನಿರೂಪಣೆ ಒರಟು ಭಾಗಗಳನ್ನು ಬಿಟ್ಟಿತು. ಮುಂದೆ ಈಸ್ಟರ್ ದಂಗೆಯ ನಾಯಕನಾದ ಪ್ಯಾಟ್ರಿಕ್ ಪಿಯರ್ಸ್ 1908ರಲ್ಲಿ ತೆರೆದ ಶಾಲೆಯಲ್ಲಿ ಹುಡುಗರಿಗೆ ಅವನೇ ಆದರ್ಶ. ಶಿಲ್ಪಿ ಆಲಿವರ್ ಶೆಪರ್ಡ್ ದಂಗೆಗೂ ಮುಂಚೆಯೇ ರೂಪಿಸಿದ್ದ ಪ್ರತಿಮೆ 1935ರಲ್ಲಿ ಅಂಚೆ ಕಚೇರಿಗೆ ಬಂದು ದಂಗೆಯ ಗುರುತಾಯಿತು. 1966ರ ಹತ್ತು ಷಿಲಿಂಗ್ ಬೆಳ್ಳಿ ನಾಣ್ಯದ ಮೇಲೂ ಮೂಡಿತು. 1970ರ ದಶಕದಿಂದ, ಅಲ್‌ಸ್ಟರ್‌ನ ಮೂಲಜನರು ಐರಿಷರಿಗಿಂತ ಬೇರೆ, ಈ ವೀರ ಅವರವನು ಎಂಬ ವಾದ ಉತ್ತರದಲ್ಲಿ ಬೆಳೆಯಿತು.

ನಕ್ಷೆ ಯಾರ ವಾದಕ್ಕೂ ಒಗ್ಗುವುದಿಲ್ಲ. ಅವನ ರಾಜನ ರಾಜಧಾನಿ ಎವಿನ್ ಮಾಹಾ ಇರುವುದು ಉತ್ತರ ಐರ್ಲೆಂಡಿನ ಅರ್ಮಾ ಬಳಿ. ಅವನ ನೆಲ ಮುರ್‌ಹೆವ್ನ, ಕಂದು ಹೋರಿಯ ಸೀಮೆ, ಗೆಳೆಯನನ್ನು ಕೊಂದ ಹೊಳೆ, ಸಾಯುವಾಗ ಕಟ್ಟಿಕೊಂಡನೆನ್ನುವ ಕಲ್ಲು ಎಲ್ಲವೂ ಗಡಿಯ ದಕ್ಷಿಣಕ್ಕೆ, ಐರ್ಲೆಂಡ್ ಗಣರಾಜ್ಯದ ಲೌತ್ ಕೌಂಟಿಯಲ್ಲಿವೆ.